ಅಟ್ಟದ ಮೇಲೆ ಸಿಕ್ಕ ಸ್ಪೆಕ್ಟ್ರಮ್‌ಗೆ ಕರೆಂಟ್ ಕೊಡಬಹುದಾ?

ಪ್ರಶ್ನೆ: ಸರ್, ನಮ್ಮದು ಮಂಡ್ಯ. ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ಅಟ್ಟದಲ್ಲಿ ನಮ್ಮ ಚಿಕ್ಕಪ್ಪನ ಹಳೇ ಕಂಪ್ಯೂಟರ್ ಸಿಕ್ಕಿತು. ಮೇಲೆ ಸಿಂಕ್ಲೇರ್ ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಅಂತ ಇದೆ. ರಬ್ಬರ್ ಕೀಗಳು, ಒಂದು ಕಪ್ಪು ಅಡಾಪ್ಟರ್, ಚಿಕ್ಕಪ್ಪನ ಕೈಬರಹ ಇರುವ ಒಂದಷ್ಟು ಕ್ಯಾಸೆಟ್. ಎಂಬತ್ತರ ದಶಕದಲ್ಲಿ ಇಂಗ್ಲೆಂಡಿನಿಂದ ತಂದಿದ್ದಂತೆ. ಅವರು ಈಗಿಲ್ಲ. ನಾನು ಬಿ.ಕಾಂ. ಓದಿ ಲೆಕ್ಕಪತ್ರದ ಕೆಲಸ ಮಾಡುತ್ತಿದ್ದೇನೆ, ಎಲೆಕ್ಟ್ರಾನಿಕ್ಸ್ ಏನೂ ಗೊತ್ತಿಲ್ಲ, ಆದರೆ ಇದನ್ನು ಕಲಿಯಬೇಕು ಅಂತ ಆಸೆ ಹುಟ್ಟಿದೆ. ಅಡಾಪ್ಟರ್ ವೈರು ಸೀಳಿದೆ. ನಮ್ಮ ರೌಟರ್‌ನ 9 ವೋಲ್ಟ್ ಅಡಾಪ್ಟರ್ ಪಿನ್ ಸರಿಯಾಗಿ ಕೂರುತ್ತದೆ, ಹಾಕಬಹುದಾ? ಸಿಡಿಯುತ್ತದೆ ಅಂತ ಅಮ್ಮ ಹೆದರುತ್ತಾರೆ. ಪರಿಚಯದ ರೇಡಿಯೋ ರಿಪೇರಿಯವರು ವೋಲ್ಟೇಜ್ ನಿಧಾನಕ್ಕೆ ಏರಿಸಬೇಕು ಅಂತಾರೆ. ಗುಜರಿಯವನು ಒಳಗೆ ಚಿನ್ನ ಇದೆ, ನನಗೇ ಕೊಡಿ ಅಂತಾನೆ. ಗೆಳತಿ ಮಾತ್ರ ಎಮ್ಯುಲೇಟರ್ ಇರುವಾಗ ಇದೆಲ್ಲ ಯಾಕೆ ಅಂತಾಳೆ. ಇಲ್ಲವಾದರೆ ಆನ್‌ಲೈನ್‌ನಲ್ಲಿ ಒಂದು ಕಮೋಡೋರ್ 64 ತಗೊಂಡು ಅದರಲ್ಲೇ ಕಲಿಯಲಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಅವಸರದ ಮಾತು. ಆ ರೌಟರ್ ಅಡಾಪ್ಟರ್ ಹಾಕಬೇಡಿ. ಮಿಕ್ಕ ಎಲ್ಲದಕ್ಕೂ ಸಮಯ ಇದೆ. ಅಷ್ಟು ವರ್ಷ ಅಟ್ಟದಲ್ಲಿ ಕೂತ ಯಂತ್ರ ಇನ್ನೊಂದು ತಿಂಗಳು ಕೂತರೆ ಏನೂ ಆಗುವುದಿಲ್ಲ, ಆದರೆ ಈ ಒಂದು ತಪ್ಪು ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುತ್ತದೆ.

ಪಿನ್ ಕೂರುತ್ತದೆ, ವೋಲ್ಟೇಜೂ 9 ಅಂತಲೇ ಬರೆದಿದೆ, ಮತ್ತೇನು ಅಂತ ಕೇಳಬಹುದು. ತೊಂದರೆ ಇರುವುದು ಪ್ಲಸ್ ಮೈನಸ್‌ನಲ್ಲಿ. ಇವತ್ತಿನ ರೌಟರ್, ಸೆಟ್‌ಟಾಪ್ ಬಾಕ್ಸ್ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ಪಿನ್ನಿನ ಒಳತೂತು ಪ್ಲಸ್, ಹೊರಗಿನ ಉಂಗುರ ಮೈನಸ್. ಸ್ಪೆಕ್ಟ್ರಮ್‌ಗೆ ಇದು ತಿರುಗಾಮುರುಗಾ, ಒಳಗೆ ಮೈನಸ್, ಹೊರಗೆ ಪ್ಲಸ್. ಅಡಾಪ್ಟರ್ ಮೇಲೆ ಒಂದು ಚಿಕ್ಕ ಚಿತ್ರ ಇರುತ್ತದೆ ನೋಡಿ, ನಡುವೆ ಚುಕ್ಕೆ, ಸುತ್ತ ಅರ್ಧ ಉಂಗುರ, ಎರಡು ಬದಿಗೆ ಪ್ಲಸ್ ಮೈನಸ್ ಗುರುತು. ಚುಕ್ಕೆಯ ಗೆರೆ ಯಾವ ಗುರುತಿಗೆ ಹೋಗುತ್ತದೋ ಅದೇ ಒಳಗಿನದು. ಉಲ್ಟಾ ಕೊಟ್ಟರೆ ಒಳಗಿನ ಒಂದು ಸಣ್ಣ ಟ್ರಾನ್ಸಿಸ್ಟರ್ ಹೋಗುವ ಸಾಧ್ಯತೆ ಜಾಸ್ತಿ, ಅದರ ಹಿಂದೆಯೇ ಮೆಮೊರಿ ಚಿಪ್‌ಗಳೂ ಹೋಗಬಹುದು. ಮೈಸೂರಿನಲ್ಲಿ ನನ್ನ ಬೆಂಚಿಗೆ ಇಂಥ ಯಂತ್ರಗಳು ಬಂದಾಗ ನಾನು ಮೊದಲು ಕೇಳುವುದೇ ಯಾವ ಅಡಾಪ್ಟರ್ ಹಾಕಿದ್ರಿ ಅಂತ. ವಯಸ್ಸಾಗಿ ಕೆಟ್ಟದ್ದಕ್ಕಿಂತ ಪ್ರೀತಿಯಿಂದ ಆನ್ ಮಾಡಲು ಹೋಗಿ ಕೆಡಿಸಿದ್ದು ಜಾಸ್ತಿ.

ನಿಮ್ಮ ಹಳೇ ಅಡಾಪ್ಟರ್ ವೈರು ಸೀಳಿದೆ ಅಂದಿರಿ. ಅದನ್ನು ಟೇಪ್ ಸುತ್ತಿ ಬಳಸಬೇಡಿ, ಎತ್ತಿಡಿ. ಅದಕ್ಕೆ ಬದಲು ಗಿಟಾರ್ ಪೆಡಲ್‌ಗೆ ಹಾಕುವ 9 ವೋಲ್ಟ್ ಡಿಸಿ ಅಡಾಪ್ಟರ್ ತಗೊಳ್ಳಿ. ಸಂಗೀತ ವಾದ್ಯದ ಅಂಗಡಿಗಳಲ್ಲಿ ಸಿಗುತ್ತದೆ, ಪೆಡಲ್‌ಗಳಲ್ಲೂ ಒಳಗೆ ಮೈನಸ್ ಇರುವುದೇ ರೂಢಿ. ಆದರೆ ಕರೆಂಟ್ ನೋಡಿಕೊಳ್ಳಿ. ಸ್ಪೆಕ್ಟ್ರಮ್ ಜೊತೆ ಬರುತ್ತಿದ್ದ ಅಡಾಪ್ಟರ್ 1.4 ಆಂಪಿಯರ್‌ನದು, ಪೆಡಲ್‌ನವು ಎಷ್ಟೋ ಅದಕ್ಕಿಂತ ತೀರಾ ಚಿಕ್ಕವು. 1.5 ಅಥವಾ 2 ಆಂಪಿಯರ್ ಅಂತ ಬರೆದಿರುವುದೇ ಬೇಕು. ಜಾಸ್ತಿ ಆಂಪಿಯರ್ ಇದ್ದರೆ ಸುಟ್ಟುಹೋಗುತ್ತದೆ ಅಂತ ಕೆಲವರು ಹೆದರಿಸುತ್ತಾರೆ, ಅದು ಸುಳ್ಳು. ಯಂತ್ರ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ವೋಲ್ಟೇಜ್ ಜಾಸ್ತಿಯಾಗಬಾರದು, ದಿಕ್ಕು ತಪ್ಪಬಾರದು, ಅಷ್ಟೇ. ಅಂಗಡಿಯವರ ಮಾತು, ಡಬ್ಬದ ಮೇಲಿನ ಚಿತ್ರ ಎರಡನ್ನೂ ನಂಬಿ ಬಿಡಬೇಡಿ, ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್ ಕೊಂಡು ನೀವೇ ಅಳೆಯಿರಿ. ಕೆಂಪು ಕಡ್ಡಿ ಒಳತೂತಿಗೆ, ಕಪ್ಪು ಕಡ್ಡಿ ಹೊರ ಉಂಗುರಕ್ಕೆ. ಮೀಟರ್‌ನಲ್ಲಿ ಮೈನಸ್ ಗುರುತಿನ ಜೊತೆ 9ರ ಆಸುಪಾಸು ಬಂದರೆ ಸರಿ. ಹಳೇ ಕಾಲದ ಭಾರದ ಅಡಾಪ್ಟರ್ ಆದರೆ ಲೋಡ್ ಇಲ್ಲದಾಗ, ಅಂದರೆ ಯಾವ ಯಂತ್ರಕ್ಕೂ ಸಿಕ್ಕಿಸದಿರುವಾಗ, 12ರಿಂದ 14 ವೋಲ್ಟ್ ತೋರಿಸಬಹುದು, ಅದು ಕೆಟ್ಟಿದೆ ಅಂತಲ್ಲ, ಅದರ ರೀತಿಯೇ ಹಾಗೆ.

ಇನ್ನು ಅಮ್ಮನ ಭಯ. ಸ್ಪೆಕ್ಟ್ರಮ್ ವಿಷಯದಲ್ಲಿ ಅವರಿಗೆ ಧೈರ್ಯ ಹೇಳಬಹುದು. ಹಳೇ ಕಂಪ್ಯೂಟರ್ ಯಾವುದೇ ಕೈಗೆ ಬಂದರೂ ಮೊದಲು ಕೇಳಬೇಕಾದ ಪ್ರಶ್ನೆ, 230 ವೋಲ್ಟ್ ಎಲ್ಲಿಯವರೆಗೆ ಬರುತ್ತದೆ? ಸ್ಪೆಕ್ಟ್ರಮ್‌ನಲ್ಲಿ ಅದು ಅಡಾಪ್ಟರ್‌ನಲ್ಲೇ ನಿಂತುಬಿಡುತ್ತದೆ. ಪೆಟ್ಟಿಗೆಯ ಒಳಗೆ ಬರುವುದು 9 ವೋಲ್ಟ್ ಮಾತ್ರ, ಬಿಚ್ಚಿಟ್ಟು ಮುಟ್ಟಿದರೂ ಶಾಕ್ ಹೊಡೆಯುವುದಿಲ್ಲ. ಅದಕ್ಕೇ ಹೊಸಬರಿಗೆ ಇದು ಒಳ್ಳೆ ಯಂತ್ರ ಅಂತ ನಾನು ಹೇಳುವುದು.

ಅದೇ ಕಾಲದ ಬಿಬಿಸಿ ಮೈಕ್ರೋ ಅನ್ನೋ ಕಂಪ್ಯೂಟರ್ ಹಾಗಲ್ಲ. 1984–85ರಲ್ಲಿ ಕೇಂದ್ರ ಸರ್ಕಾರದ ಕ್ಲಾಸ್ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದದ್ದು ಅದೇ, ಹಾಗಾಗಿ ಮುಂದೆ ಯಾವತ್ತಾದರೂ ನಿಮಗೆ ಸಿಕ್ಕೀತು. ಅದರ ಪವರ್ ಸಪ್ಲೈ ಪೆಟ್ಟಿಗೆಯ ಒಳಗೇ ಇದೆ, ಅಲ್ಲಿ 230 ವೋಲ್ಟ್ ಓಡಾಡುತ್ತದೆ. ಅದರಲ್ಲಿ ರಿಫಾ ಅನ್ನೋ ಕಂಪನಿಯ ಫಿಲ್ಟರ್ ಕೆಪಾಸಿಟರ್‌ಗಳು, ಅಂದರೆ ಕರೆಂಟಿನ ಗಲೀಜು ಸೋಸುವ ಬಿಡಿಭಾಗಗಳು, ಇರುತ್ತವೆ. ಒಳಗೆ ಕಾಗದದ ಸುರುಳಿ, ಹೊರಗೆ ಹಳದಿ ಬಣ್ಣದ ಪಾರದರ್ಶಕ ಚಿಪ್ಪು. ವರ್ಷಗಳಾದಂತೆ ಚಿಪ್ಪು ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಬಿರುಕಿನಿಂದ ತೇವ ಒಳಗೆ ಹೋಗುತ್ತದೆ, ಕರೆಂಟ್ ಕೊಟ್ಟ ಸ್ವಲ್ಪ ಹೊತ್ತಿಗೆ ಢಬ್ ಅಂತ ಸದ್ದಾಗಿ ಮನೆ ತುಂಬ ಗಬ್ಬು ಹೊಗೆ. ಹಳೇ ಕಂಪ್ಯೂಟರ್ ಸಿಡಿಯುತ್ತದೆ ಅನ್ನೋ ಮಾತು ಹುಟ್ಟಿದ್ದು ಇಂಥವುಗಳಿಂದಲೇ. ಆ ಕೆಪಾಸಿಟರ್ ಬದಲಾಯಿಸದೆ ಅದನ್ನು ಆನ್ ಮಾಡಬಾರದು, ಬದಲಾಯಿಸುವ ಕೆಲಸ ಹೊಸಬರದ್ದೂ ಅಲ್ಲ. ಹಾಗೆಯೇ ಪಿಕ್ಚರ್ ಟ್ಯೂಬ್ ಇರುವ ಹಳೇ ಟಿವಿ, ಮಾನಿಟರ್‌ಗಳನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಟ್ಯೂಬಿಗೆ ಹೋಗುವುದು ಸಾವಿರಗಟ್ಟಲೆ ವೋಲ್ಟ್, ಪ್ಲಗ್ ಕಿತ್ತ ಮೇಲೂ ಅದು ಒಳಗೆ ಉಳಿದಿರಬಹುದು.

ರೇಡಿಯೋ ರಿಪೇರಿಯವರು ಹೇಳಿದ್ದು ಅವರ ಕಸುಬಿಗೆ ಸರಿಯೇ. ವಾಲ್ವ್ ರೇಡಿಯೋದಲ್ಲಿ ದೊಡ್ಡ ಕೆಪಾಸಿಟರ್‌ಗಳು ವರ್ಷಗಟ್ಟಲೆ ಸುಮ್ಮನಿದ್ದರೆ ಅವನ್ನು ನಿಧಾನಕ್ಕೆ ಎಬ್ಬಿಸಬೇಕು. ಇಲ್ಲಿ ಆ ಉಪಾಯ ನಡೆಯಲ್ಲ, ಕೆಟ್ಟದ್ದೇ ಆಗಬಹುದು. ಕಾರಣ ಇಷ್ಟು. ಸ್ಪೆಕ್ಟ್ರಮ್‌ನ ಮೊದಲ 16 ಕೆಬಿ ಮೆಮೊರಿ 4116 ಅನ್ನೋ ಚಿಪ್‌ಗಳಲ್ಲಿದೆ, ಅವಕ್ಕೆ ಮೂರು ಥರ ವೋಲ್ಟೇಜ್ ಬೇಕು. ಪ್ಲಸ್ 5, ಪ್ಲಸ್ 12, ಮೈನಸ್ 5. ಬರುವ 9 ವೋಲ್ಟಿನಿಂದಲೇ ಒಳಗೆ ಒಂದು ಚಿಕ್ಕ ಸರ್ಕ್ಯೂಟ್ ಈ 12 ಮತ್ತು ಮೈನಸ್ 5 ಮಾಡಿಕೊಳ್ಳುತ್ತದೆ. ಅರೆಬರೆ ವೋಲ್ಟೇಜ್ ಕೊಟ್ಟರೆ ಆ ಸರ್ಕ್ಯೂಟ್ ಸರಿಯಾಗಿ ಶುರುವಾಗುವ ಖಾತ್ರಿ ಇಲ್ಲ, ಮೈನಸ್ 5 ಇಲ್ಲದೆ 12 ಮಾತ್ರ ಬಂದರೆ ಆ ಚಿಪ್‌ಗಳು ಸಾಯುತ್ತವೆ. ಸರಿಯಾದ 9 ವೋಲ್ಟನ್ನು ಒಂದೇ ಸಲ ಕೊಡಬೇಕು.

ಗುಜರಿಯವನ ಚಿನ್ನದ ಮಾತು ಬಿಟ್ಟುಬಿಡಿ. ಲೇಪ ಇದ್ದರೂ ಅದು ಲೆಕ್ಕಕ್ಕೆ ಬಾರದಷ್ಟು ತೆಳು. ಯಂತ್ರ ಯಂತ್ರವಾಗಿದ್ದರೇನೇ ಅದಕ್ಕೆ ಬೆಲೆ.

ಈಗ ಗೆಳತಿಯ ಮಾತಿಗೆ ಬರೋಣ. ಅವರು ಹೇಳಿದ್ದರಲ್ಲಿ ಅರ್ಧ ನಿಜ. ಎಮ್ಯುಲೇಟರ್ ಅಂದರೆ ಹಳೇ ಯಂತ್ರದ ಹಾಗೇ ನಡೆದುಕೊಳ್ಳುವ ಸಾಫ್ಟ್‌ವೇರ್. ಅದು ನಕಲಿ, ನಿಜವಾದ ಕಲಿಕೆ ಅಲ್ಲ ಅಂತ ಮೂಗು ಮುರಿಯುವವರ ಮಾತನ್ನು ನಾನು ಒಪ್ಪಲ್ಲ. ಮೊದಲ ಒಂದೆರಡು ತಿಂಗಳು ನೀವು ಅದರಲ್ಲೇ ಕಲಿಯಬೇಕು ಅನ್ನೋದು ನನ್ನ ಅಭಿಪ್ರಾಯ, ಯಾಕೆಂದರೆ ಅಲ್ಲಿ ಏನೂ ಸುಡುವುದಿಲ್ಲ. ಫ್ಯೂಸ್ ಅನ್ನೋ ಎಮ್ಯುಲೇಟರ್ ಉಚಿತ, ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತದೆ. ಕಾನೂನಿನ ಚಿಂತೆಯೂ ಬೇಡ. ಸಿಂಕ್ಲೇರ್‌ನ ಕಂಪ್ಯೂಟರ್ ವ್ಯವಹಾರವನ್ನು 1986ರಲ್ಲಿ ಕೊಂಡ ಆಮ್‌ಸ್ಟ್ರಾಡ್ ಕಂಪನಿ, ಸ್ಪೆಕ್ಟ್ರಮ್‌ನ ರೋಮ್ (ROM) ಸಾಫ್ಟ್‌ವೇರನ್ನು, ಅಂದರೆ ಯಂತ್ರದೊಳಗೆ ಕಾಯಂ ಆಗಿ ಬರೆದಿಟ್ಟ ಬೇಸಿಕ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯನ್ನು, ಎಮ್ಯುಲೇಟರ್ ಜೊತೆ ಹಂಚಲು ಅನುಮತಿ ಕೊಟ್ಟಿತ್ತು.

ಶುರುವಿನಲ್ಲೇ ಎಲ್ಲರೂ ಗಾಬರಿಯಾಗುವ ಒಂದು ವಿಷಯ ಇದೆ. ಪಿ ಕೀ ಒತ್ತಿದರೆ ಪಿ ಬರುವುದಿಲ್ಲ, ಪ್ರಿಂಟ್ ಅಂತ ಇಡೀ ಪದ ಬರುತ್ತದೆ. ಜೆ ಒತ್ತಿದರೆ ಲೋಡ್. ಕೀಬೋರ್ಡ್ ಕೆಟ್ಟಿಲ್ಲ. ಸಾಲಿನ ಶುರುವಿನಲ್ಲಿ ಒಂದು ಕೀಗೆ ಒಂದು ಆಜ್ಞೆ, ಆಮೇಲೆ ಮಾಮೂಲಿ ಅಕ್ಷರಗಳು. ಎರಡು ದಿನ ಕಿರಿಕಿರಿ, ಆಮೇಲೆ ಬೆರಳಿಗೆ ತಾನಾಗಿ ಬರುತ್ತದೆ.

ಈಗ ಇದನ್ನು ಮಾಡಿ ನೋಡಿ. ಓ ಕೀ ಒತ್ತಿ, ತೆರೆಯ ಮೇಲೆ ಪೋಕ್ ಅಂತ ಬರುತ್ತದೆ. ಅದರ ಮುಂದೆ 16384, ಒಂದು ಕಾಮಾ, 255 ಅಂತ ಹೊಡೆದು ಎಂಟರ್ ಒತ್ತಿ. ತೆರೆಯ ಎಡಗಡೆ ಮೇಲಿನ ಮೂಲೆಯಲ್ಲಿ ಒಂದು ಪುಟ್ಟ ಕಪ್ಪು ಗೆರೆ ಬರುತ್ತದೆ, ಎಂಟು ಚುಕ್ಕೆ ಉದ್ದ. ನೀವು ಮೆಮೊರಿಯ 16384ನೇ ಮನೆಗೆ 255 ಬರೆದಿರಿ, ಆ ಮನೆಯೇ ತೆರೆಯ ಮೊದಲ ಎಂಟು ಚುಕ್ಕೆ. ಒಂದು ಮನೆಯಲ್ಲಿ ಎಂಟು ಬಿಟ್, ಒಂದೊಂದೂ 0 ಅಥವಾ 1. 255 ಅಂದರೆ ಎಂಟೂ ಬಿಟ್ ಆನ್. ಅದೇ ಜಾಗಕ್ಕೆ 170 ಬರೆಯಿರಿ, ಚುಕ್ಕೆ ಬಿಟ್ಟು ಚುಕ್ಕೆ ಬರುತ್ತದೆ. ಈಗ 22528ಕ್ಕೆ 58 ಬರೆಯಿರಿ, ಆ ಚುಕ್ಕೆಗಳು ಕೆಂಪಾಗುತ್ತವೆ. 186 ಬರೆದರೆ ಅಲ್ಲೇ ಮಿನುಗಲು ಶುರು. ಇಂಥ ಒಂದು ಮನೆಗೆ ಬೈಟ್ ಅಂತ ಹೆಸರು. ಚುಕ್ಕೆಗಳಿಗೆ 6144 ಬೈಟ್, ಬಣ್ಣಕ್ಕೆ 768 ಬೈಟ್, ಇಡೀ ಚಿತ್ರ ಅಷ್ಟೇ. ನಡುವೆ ಯಾವ ಪರದೆಯೂ ಇಲ್ಲ, ಯಾರ ಅಪ್ಪಣೆಯೂ ಬೇಡ. ಇವತ್ತಿನ ಲ್ಯಾಪ್‌ಟಾಪ್‌ನಲ್ಲಿ ಇಷ್ಟು ನೇರವಾಗಿ ಯಂತ್ರದ ಜೊತೆ ಮಾತಾಡುವುದಕ್ಕೆ ಆಗಲ್ಲ. ಹಳೇ ಕಂಪ್ಯೂಟರ್ ಕಲಿಯುವುದರಲ್ಲಿ ಏನಿದೆ ಅಂತ ಕೇಳುವವರಿಗೆ ನಾನು ತೋರಿಸುವುದು ಇದನ್ನೇ. 1982ರ ಈ ಯಂತ್ರದಲ್ಲಿ ಒಂದು ಜೆಡ್80 ಪ್ರೊಸೆಸರ್, ಚಿತ್ರ ನೋಡಿಕೊಳ್ಳುವ ಯುಎಲ್‌ಎ ಅನ್ನೋ ಒಂದು ಚಿಪ್, ಬೇಸಿಕ್ ಇರುವ 16 ಕೆಬಿಯ ಒಂದು ಚಿಪ್, ಮಿಕ್ಕಿದ್ದು ಹೆಚ್ಚಾಗಿ ಮೆಮೊರಿ. ಒಬ್ಬ ಮನುಷ್ಯ ಕೂತು ಪೂರ್ತಿ ಅರ್ಥ ಮಾಡಿಕೊಳ್ಳಬಹುದಾದ ಕಂಪ್ಯೂಟರ್ ಇದು. ಬಿ.ಕಾಂ. ಓದಿದ್ದು ಅಡ್ಡಿಯಲ್ಲ, ಯಾವ ಮನೆಯಲ್ಲಿ ಯಾವ ಅಂಕಿ ಅಂತ ಲೆಕ್ಕ ಇಡುವುದು ನಿಮಗೆ ನನಗಿಂತ ಚೆನ್ನಾಗಿ ಬರುತ್ತದೆ.

ಇಲ್ಲೊಂದು ಒಗಟು ಬರುತ್ತದೆ, ಅದನ್ನು ಬಿಡಬೇಡಿ. ತೆರೆಯ ಒಂದು ಸಾಲಿಗೆ 32 ಬೈಟ್. ಹಾಗಾದರೆ 16384ಕ್ಕೆ 32 ಸೇರಿಸಿದರೆ ಮೊದಲ ಗೆರೆಯ ಕೆಳಗೇ ಎರಡನೇ ಗೆರೆ ಬರಬೇಕು, ಅಲ್ವಾ? ಬರಲ್ಲ. ಎಂಟು ಚುಕ್ಕೆ ಕೆಳಗೆ ಬರುತ್ತದೆ. ಅಂಟಿಕೊಂಡಂತೆ ಕೆಳಗೆ ಬರಬೇಕಾದರೆ 256 ಸೇರಿಸಬೇಕು. ಅಕ್ಷರ ಬರೆಯುವಾಗ ಒಂದು ಗೆರೆಯಿಂದ ಕೆಳಗಿನ ಗೆರೆಗೆ ಹೋಗಲು ಎರಡು ಬೈಟಿನ ವಿಳಾಸದಲ್ಲಿ 256ರ ಲೆಕ್ಕ ಇಡುವ ಮೇಲಿನ ಬೈಟಿಗೆ ಬರೀ 1 ಕೂಡಿಸಿದರೆ ಸಾಕಾಗಲಿ ಅಂತ ಹೀಗೆ ಜೋಡಿಸಿದ ಮನೆಗಳು ಇವು. ಇದು ಅರ್ಥವಾದ ದಿನ ನಿಮಗೆ ಬೈನರಿಯ ಭಯ ಹೋಗಿರುತ್ತದೆ. ಅಲ್ಲಿಂದ ಮುಂದೆ ನಿಮ್ಮದೇ ಅಕ್ಷರ ಮಾಡಬಹುದು. ಬೇಕಾದ ಹಾಗೆ ಬರೆದುಕೊಳ್ಳಲು ಅಂತಲೇ 21 ಅಕ್ಷರದ ಜಾಗ ಇದೆ, ಒಂದೊಂದೂ ಎಂಟಕ್ಕೆ ಎಂಟು ಚುಕ್ಕೆ. ಚೌಕಳಿ ಹಾಳೆ ತಗೊಂಡು ಕನ್ನಡದ ರ, ಗ ಬರೆದು ನೋಡಿ, ಒಂದೇ ಚೌಕದಲ್ಲಿ ಕೂರುತ್ತವೆ. ಅ ಬರೆಯಲು ಎರಡು ಚೌಕ ಪಕ್ಕ ಪಕ್ಕ ಬೇಕಾಗಬಹುದು.

ಎಮ್ಯುಲೇಟರ್‌ನಲ್ಲಿ ಸಿಗದಿರುವುದು ಯಂತ್ರ ಕೆಟ್ಟಾಗ ಏನಾಗುತ್ತದೆ ಅನ್ನೋದು. ಅದಕ್ಕೆ ಚಿಕ್ಕಪ್ಪನ ಯಂತ್ರವೇ ಬೇಕು. ಅಡಾಪ್ಟರ್ ಸರಿಹೋದ ಮೇಲೆ, ಟಿವಿ ಸಿಕ್ಕಿಸುವ ಮೊದಲು, ಕೆಳಗಿನ ಐದು ಸ್ಕ್ರೂ ಬಿಚ್ಚಿ. ಮೇಲಿನ ಭಾಗವನ್ನು ಒಮ್ಮೆಲೇ ಎತ್ತಬೇಡಿ. ಕೀಬೋರ್ಡಿನಿಂದ ಎರಡು ತೆಳು ಪ್ಲಾಸ್ಟಿಕ್ ಪಟ್ಟಿಗಳು ಬೋರ್ಡಿಗೆ ಹೋಗಿರುತ್ತವೆ, ಇಷ್ಟು ವರ್ಷಕ್ಕೆ ಅವು ಒಣಗಿ ಹಪ್ಪಳ ಆಗಿರುತ್ತವೆ. ನೇರವಾಗಿ ಮೇಲಕ್ಕೆ ಎಳೆದು ಬಿಡಿಸಿ. ಮುರಿದರೆ ಅಳಬೇಡಿ, ಕೀಬೋರ್ಡಿನ ಆ ಹಾಳೆ ಹೊಸದಾಗಿ ತಯಾರಾಗುತ್ತದೆ, ತರಿಸಬಹುದು. ಒಳಗೆ ಜಿರಳೆ ಗೂಡು, ಹಲ್ಲಿ ಮೊಟ್ಟೆ, ಇರುವೆ ಮಣ್ಣು ಇದ್ದರೆ ಒಣ ಬ್ರಷ್‌ನಲ್ಲಿ ತೆಗೆಯಿರಿ, ಹಿಂಬದಿಯ ಕನೆಕ್ಟರ್ ಪಟ್ಟಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ನೀರು ಮುಟ್ಟಿಸಬೇಡಿ.

ಆಮೇಲೆ ಕರೆಂಟ್ ಕೊಟ್ಟು ಅಳತೆ. ಮೀಟರ್‌ನ ಕಪ್ಪು ಕಡ್ಡಿಯನ್ನು, 9 ವೋಲ್ಟನ್ನು 5ಕ್ಕೆ ಇಳಿಸುವ 7805 ರೆಗ್ಯುಲೇಟರ್‌ನ ಅಲ್ಯೂಮಿನಿಯಂ ತಗಡಿಗೆ ಕ್ಲಿಪ್ ಮಾಡಿ. ಯಾವುದಾದರೂ ಒಂದು 4116 ಚಿಪ್‌ನ 1ನೇ ಕಾಲಿನಲ್ಲಿ ಮೈನಸ್ 5, 8ನೇ ಕಾಲಿನಲ್ಲಿ 12, 9ನೇ ಕಾಲಿನಲ್ಲಿ ಪ್ಲಸ್ 5 ಇರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ತಕ್ಷಣ ಪ್ಲಗ್ ಕಿತ್ತು ಅಲ್ಲಿಗೇ ನಿಲ್ಲಿಸಿ. ಸ್ಪೆಕ್ಟ್ರಮ್‌ಗೆ ಆನ್ ಆಫ್ ಸ್ವಿಚ್ಚೇ ಇಲ್ಲ, ಹಾಗಾಗಿ ಸ್ವಿಚ್ ಇರುವ ಬೋರ್ಡಿಗೇ ಅಡಾಪ್ಟರ್ ಹಾಕಿಕೊಂಡು ಕೈ ಹತ್ತಿರ ಇಟ್ಟುಕೊಳ್ಳಿ. ಮುಟ್ಟಿದರೆ ರೆಗ್ಯುಲೇಟರ್ ಬಿಸಿ ಇರುತ್ತದೆ, ಅದು ಸಹಜ, 9ನ್ನು 5 ಮಾಡುವಾಗ ಮಿಕ್ಕ 4 ವೋಲ್ಟ್ ಬಿಸಿಯಾಗಿಯೇ ಹೋಗಬೇಕು.

ಟಿವಿ ಇನ್ನೊಂದು ತಲೆನೋವು. ಈ ಯಂತ್ರ ಚಿತ್ರವನ್ನು ಯುಎಚ್‌ಎಫ್ 36ನೇ ಚಾನೆಲ್‌ನಲ್ಲಿ, ಆಂಟೆನಾ ಸಿಗ್ನಲ್ ಥರ ಕಳಿಸುತ್ತದೆ. ಇಂಗ್ಲೆಂಡಿನಲ್ಲೂ ನಮ್ಮಲ್ಲೂ ಬಣ್ಣದ ಪದ್ಧತಿ ಪಾಲ್, ಹಾಗಾಗಿ ಅನಲಾಗ್ ಟ್ಯೂನರ್ ಇರುವ ಟಿವಿಯಲ್ಲಿ ಹುಡುಕಿದರೆ ಸಿಗಬೇಕು. ಅಲ್ಲಿನ ಶಬ್ದದ ಫ್ರೀಕ್ವೆನ್ಸಿ ಬೇರೆ, ಆದರೆ ಈ ಯಂತ್ರದ ಶಬ್ದ ಬರುವುದು ಒಳಗಿನ ಪುಟ್ಟ ಸ್ಪೀಕರ್‌ನಿಂದ, ಅದು ಟಿವಿಗೆ ಸಂಬಂಧಪಡದ ವಿಷಯ. ಟ್ಯೂನರ್ ಇಲ್ಲದಿದ್ದರೆ ಒಳಗೆ ಒಂದೆರಡು ವೈರ್ ಬದಲಿಸಿ ಟಿವಿಯ ಹಳದಿ ಎವಿ ಸಾಕೆಟ್ಟಿಗೆ ನೇರ ಕೊಡಬಹುದು. ಬೆಸುಗೆ ಗೊತ್ತಿರುವವರಿಗೆ ಚಿಕ್ಕ ಕೆಲಸ. ನೀವೇ ಮಾಡುವ ಆಸೆ ಇದ್ದರೆ ಮೊದಲು ಗುಜರಿಯಿಂದ ಸತ್ತ ರೇಡಿಯೋ ಬೋರ್ಡ್ ತಂದು 25 ವ್ಯಾಟ್ ಐರನ್‌ನಲ್ಲಿ ಕೈ ಪಳಗಿಸಿ, ಚಿಕ್ಕಪ್ಪನ ಬೋರ್ಡ್ ಮೇಲೆ ಕಲಿಯಬೇಡಿ.

ಎಲ್ಲ ಸರಿ ಇದ್ದರೆ ತೆರೆ ಸ್ವಲ್ಪ ಹೊತ್ತು ಕಪ್ಪಾಗಿ, ಆಮೇಲೆ ಬಿಳಿಯಾಗಿ, ಕೆಳಗೆ 1982 ಸಿಂಕ್ಲೇರ್ ರಿಸರ್ಚ್ ಅನ್ನೋ ಸಾಲು ಬರುತ್ತದೆ. ಬರದೆ ಉದ್ದುದ್ದ ಪಟ್ಟಿಗಳು ಬಂದರೂ ಅದು ಉಪಯೋಗದ ಮಾಹಿತಿಯೇ. ಮೊದಲ 16 ಕೆಬಿಗೆ ಎಂಟು ಚಿಪ್, ಬೈಟಿನ ಎಂಟು ಬಿಟ್‌ಗಳಲ್ಲಿ ಒಂದೊಂದು ಚಿಪ್ ಒಂದೊಂದನ್ನು ಹಿಡಿದಿರುತ್ತದೆ. ಒಂದು ಚಿಪ್ ಸತ್ತರೆ ಪ್ರತಿ ಎಂಟು ಚುಕ್ಕೆಗೊಂದು ಗೆರೆ ಮೇಲಿನಿಂದ ಕೆಳಗಿನವರೆಗೆ ಕಾಣುತ್ತದೆ. ಎಷ್ಟನೇ ಚುಕ್ಕೆ ಅಂತ ಎಣಿಸಿದರೆ ಯಾವ ಚಿಪ್ ಅಂತ ಗೊತ್ತಾಗುತ್ತದೆ. ನೀವು ಪೋಕ್ ಮಾಡಿ ಕಲಿತದ್ದು ಇಲ್ಲಿ ಕೈಗೆ ಬರುತ್ತದೆ.

ಕಮೋಡೋರ್ 64 ಒಳ್ಳೆ ಯಂತ್ರ, ಆದರೆ ಮೊದಲನೆಯದಾಗಿ ಬೇಡ. ಅದರ ಹಳೇ ಅಡಾಪ್ಟರ್‌ನ ಒಳಗೇ 5 ವೋಲ್ಟ್ ರೆಗ್ಯುಲೇಟರ್ ಇದೆ, ಸುತ್ತ ಗಟ್ಟಿ ರಾಳ ಸುರಿದು ಮುಚ್ಚಿದ್ದಾರೆ. ಅದು ಕೆಟ್ಟರೆ 5ಕ್ಕಿಂತ ಜಾಸ್ತಿ ವೋಲ್ಟ್ ಕೊಟ್ಟು ಕಂಪ್ಯೂಟರನ್ನೇ ಕೊಲ್ಲುತ್ತದೆ, ಬಿಚ್ಚಿ ರಿಪೇರಿ ಮಾಡಲೂ ಆಗಲ್ಲ. ಅಮೆರಿಕದಿಂದ ಬಂದದ್ದಾದರೆ 120 ವೋಲ್ಟ್ ಅಡಾಪ್ಟರ್, ನಮ್ಮ ಪಾಲ್ ಅಲ್ಲದ ಎನ್‌ಟಿಎಸ್‌ಸಿ ಪದ್ಧತಿಯ ಚಿತ್ರ, ಮೇಲೆ ಕಸ್ಟಮ್ಸ್ ಸುಂಕ. ಟೆಸ್ಟ್ ಮಾಡಿಲ್ಲ, ಮನೆಯಲ್ಲಿ ಅಡಾಪ್ಟರ್ ಇರಲಿಲ್ಲ ಅಂತ ಮಾರುವವರು ಬರೆದಿದ್ದರೆ ಕೆಟ್ಟಿದೆ ಅಂತಲೇ ತಿಳಿದು ಬೆಲೆ ಕಟ್ಟಿ. ಸುಮ್ನೆ ಆಟ ಆಡಬೇಕು ಅಂತಿದ್ದರೆ 2024ರಲ್ಲಿ ಬಂದ ಎಚ್‌ಡಿಎಂಐ ಇರುವ ಹೊಸ ಸ್ಪೆಕ್ಟ್ರಮ್ ಇದೆ, ಅದರೊಳಗಿರುವುದು ಎಮ್ಯುಲೇಟರೇ. ನಿಮ್ಮ ಆಸೆ ಕಲಿಯುವುದು, ಅದಕ್ಕೆ ಹಣ ಮಲ್ಟಿಮೀಟರಿಗೂ ಅಡಾಪ್ಟರಿಗೂ ಹಾಕಿ.

ಕೊನೆಗೆ ಕ್ಯಾಸೆಟ್‌ಗಳು. ನನ್ನ ಮಟ್ಟಿಗೆ ಈ ಗಂಟಿನಲ್ಲಿ ಬೆಲೆ ಕಟ್ಟಲಾಗದ್ದು ಅವೇ. ಯಂತ್ರದ ಮೆಮೊರಿಯಲ್ಲಿ ಚಿಕ್ಕಪ್ಪನದು ಏನೂ ಉಳಿದಿಲ್ಲ, ಪ್ಲಗ್ ಕಿತ್ತ ದಿನವೇ ಅದು ಅಳಿಸಿಹೋಯಿತು. ಅವರು ಬರೆದ ಪ್ರೋಗ್ರಾಂ ಏನಿದ್ದರೂ ಟೇಪಿನಲ್ಲಿದೆ. ಸ್ಪೆಕ್ಟ್ರಮ್ ರಿಪೇರಿಗೆ ಕಾಯದೆ ಮೊದಲು ಇವುಗಳ ಕೆಲಸ ಮುಗಿಸಿ. ಕಿಟಕಿಯಿಂದ ಟೇಪಿನ ಸುರುಳಿ ನೋಡಿ, ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಬೂಷ್ಟು ಹಿಡಿದಿದೆ, ಪ್ಲೇಯರ್‌ಗೆ ಹಾಕದೆ ತಿಳಿದವರಿಗೆ ಕೊಡಿ. ಚೆನ್ನಾಗಿದ್ದರೆ ಹಿಂಬದಿಯ ಚಿಕ್ಕ ಪ್ಲಾಸ್ಟಿಕ್ ಕಿವಿ ಮುರಿದುಬಿಡಿ, ಅಪ್ಪಿತಪ್ಪಿ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ. ಒಂದು ಸಲ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿ, ಒಳ್ಳೆ ಡೆಕ್‌ನಿಂದ ಲ್ಯಾಪ್‌ಟಾಪಿಗೆ ವೇವ್ ಫೈಲ್ ಆಗಿ ಇಳಿಸಿ. ಎಂಪಿ3 ಬೇಡ. ಆ ಫೈಲನ್ನು ಮುಂದೆ ಫೋನಿನಿಂದಲೇ ಸ್ಪೆಕ್ಟ್ರಮ್‌ನ ಇಯರ್ ಸಾಕೆಟ್ಟಿಗೆ ಕೊಟ್ಟು ಲೋಡ್ ಮಾಡಬಹುದು, ವಾಲ್ಯೂಮ್ ಹೆಚ್ಚುಕಡಿಮೆ ಪೂರ್ತಿ ಇರಲಿ. ತೆರೆಯ ಅಂಚಿನಲ್ಲಿ ಮೊದಲು ಕೆಂಪು ಮತ್ತು ತಿಳಿನೀಲಿ ಪಟ್ಟಿ, ಆಮೇಲೆ ಕಡುನೀಲಿ ಮತ್ತು ಹಳದಿ ಪಟ್ಟಿ ಓಡಿದರೆ ಸಿಗ್ನಲ್ ಹೋಗುತ್ತಿದೆ ಅಂತ. ಮಧ್ಯದಲ್ಲಿ ನಿಂತು ಟೇಪ್ ಲೋಡಿಂಗ್ ಎರರ್ ಅಂದರೆ ಟೇಪ್ ಹಾಳಾಗಿದೆ ಅಂತ ಎಸೆಯಬೇಡಿ. ಡೆಕ್‌ನ ಹೆಡ್ ಪಕ್ಕದಲ್ಲಿ ಒಂದು ಸಣ್ಣ ಸ್ಕ್ರೂ ಇದೆ, ಹೆಡ್ಡಿನ ಓರೆ ತಿದ್ದುವುದಕ್ಕೆ. ಟೇಪ್ ಓಡುತ್ತಿರುವಾಗಲೇ ಅದನ್ನು ಕೂದಲಷ್ಟು ಆ ಕಡೆ ಈ ಕಡೆ ತಿರುಗಿಸಿ, ಕೀರಲು ಸದ್ದು ಎಲ್ಲಿ ತೀರಾ ಚುರುಕಾಗಿ ಕೇಳುತ್ತದೋ ಅಲ್ಲಿ ಬಿಟ್ಟು ಮತ್ತೆ ರೆಕಾರ್ಡ್ ಮಾಡಿ.